ಜೋಡಿ ಗುಳಿಗೆ

ನಮ್ಮ ಮನೆಗೆ ಯಾವ ವಸ್ತುವೂ ಒಂಟಿಯಾಗಿ ಬರುವುದಿಲ್ಲ. ಸೀರೆ ಬಂದರೆ ಎರಡು, ಚಪ್ಪಲಿ ಬಂದರೆ ಎರಡು ಜೊತೆ, ಮೊಬೈಲ್ ಬಂದರೂ ಎರಡು, ಅದೂ ಒಂದೇ ಬಣ್ಣದ್ದು. ಇದು ನನ್ನ ಅತ್ತೆ ಧೂಳಮ್ಮನವರ ಕಾನೂನು. ಅವರು ಸೊಸೆಯಾಗಿದ್ದ ಕಾಲದಲ್ಲಿ ಅವರ ನೆಗೆಣ್ಣಿಗೆ ಜರಿ ಸೀರೆ ಬಂದರೆ ಇವರಿಗೆ ನೂಲಿನ ಸೀರೆ ಬರುತ್ತಿತ್ತಂತೆ. ಆ ಉರಿಯನ್ನು ಎಪ್ಪತ್ತು ವರ್ಷದವರೆಗೂ ಜೋಪಾನ ಮಾಡಿಕೊಂಡು ಬಂದಿದ್ದಾರೆ. "ನನ್ನ ಸೊಸ್ತೇರಾಗ ಭೇದ ಮಾಡಂಗಿಲ್ಲ. ಏನ್ ತಂದ್ರೂ ಜೋಡಿಲೆ ತರಬೇಕ" ಎಂದು ಗಂಡುಮಕ್ಕಳಿಬ್ಬರಿಗೂ ತಾಕೀತು. ಬಸವಕಲ್ಯಾಣದ ಬಜಾರಿನಲ್ಲಿ ನಮ್ಮದು ಸ್ಟೀಲ್ ಭಾಂಡೆ ಅಂಗಡಿ. ಅಲ್ಲಿಂದ ಒಂದು ಚಮಚ ಮನೆಗೆ ಬಂದರೂ ಅದಕ್ಕೊಂದು ಜೊತೆ ಇದ್ದೇ ಇರುತ್ತದೆ.

ಕಾನೂನು ಒಳ್ಳೆಯದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ, ನನ್ನ ಮೈದುನನ ಹೆಂಡತಿ ಸ್ನೇಹಲ್ ಬಂದು ಎರಡು ವರ್ಷ. ಹದಿನಾಲ್ಕಕ್ಕೂ ಎರಡಕ್ಕೂ ಒಂದೇ ಸೀರೆ ಎಂದರೆ ಅದು ಯಾವ ಊರಿನ ನ್ಯಾಯ ಹೇಳಿ!

ಸ್ನೇಹಲ್ ಉಮರ್ಗಾ ಕಡೆಯ ಹುಡುಗಿ. ಮಾತಿನಲ್ಲಿ ಅಷ್ಟು ಮರಾಠಿ ಬೆರೆಸಿ, ಕತ್ತು ಒಂದು ಬದಿಗೆ ವಾಲಿಸಿ, "ಹೋ ಅತ್ತೀ" ಎಂದು ರಾಗ ಎಳೆಯುತ್ತಾಳೆ. ಬಂದ ಹೊಸದರಲ್ಲಿ ಒಂದು ಸಂಜೆ ಅತ್ತೆಯ ಕಾಲು ಒತ್ತಿದಳು. ಹನ್ನೆರಡು ವರ್ಷ ನಾನು ಒತ್ತಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವಳು ಒಂದು ಸಂಜೆ ಒತ್ತಿದ್ದು ಓಣಿಗೆಲ್ಲ ಗೊತ್ತಾಯಿತು. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅನ್ನುವಂಥವಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ನನಗೇನಾಗಬೇಕಾಗಿದೆ? ಕಳೆದ ದೀಪಾವಳಿಗೆ ಬಂದ ಜೋಡಿ ಸೀರೆಗಳಲ್ಲಿ ಅವಳದರ ಅಂಚು ಒಂದು ಬೆರಳು ಅಗಲ ಇತ್ತೆಂದು ನಾನು ಸೀರೆ ಅದಲುಬದಲು ಮಾಡಿದ್ದು, ಸಿಕ್ಕಿಬಿದ್ದದ್ದು, ಗಂಡ ಧನರಾಜರು ಮೂರು ದಿನ ನನ್ನನ್ನು ನೋಡಿ ನೋಡಿ ನಕ್ಕದ್ದು ಎಲ್ಲ ಮನೆಮಂದಿಗೆ ಗೊತ್ತಿರುವ ಸಂಗತಿ. "ಇಂದುಮತಿ ಅಂದ್ರ ಇಂದುಮತಿ!" ಎಂದು ಈಗಲೂ ಹೇಳಿ ನಗುತ್ತಾರೆ.

ಇನ್ನು ನನ್ನ ಕಾಯಿಲೆಯ ಮಾತು. ಒಂದೂವರೆ ವರ್ಷದಿಂದ ಬೆಳಗಾದರೆ ನನಗೆ ಸಂಡಾಸಿಗೆ ಓಡುವುದೇ ಕೆಲಸವಾಗಿತ್ತು. ರಕ್ತ, ಲೋಳೆ, ಕಿಬ್ಬೊಟ್ಟೆಯನ್ನು ಹಿಂಡಿ ಹಾಕುವ ನೋವು. ಹೋಗಿ ಬಂದು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಅವಸರ. ಧನರಾಜರಿಗೆ ಹೇಳಿದೆ. "ಮೂಲವ್ಯಾಧಿ ಇರಬೇಕ, ಖಾರ ಬಿಡ" ಎಂದರು. ಅತ್ತೆಗೆ ಹೇಳಿದೆ. "ಉಷ್ಣ ಆಗ್ಯದ, ಮಜ್ಜಿಗಿ ಕುಡಿ" ಎಂದರು. ಮಜ್ಜಿಗೆ ಕುಡಿದೆ, ಮುಲಾಮು ಹಚ್ಚಿದೆ, ಮದುವೆ ಮುಂಜಿಗೆ ಹೋಗುವುದು ಬಿಟ್ಟೆ. ಹುಮನಾಬಾದಿನ ತವರುಮನೆಗೆ ಹೋಗುವುದನ್ನೂ ಬಿಟ್ಟೆ. ಅರ್ಧ ದಾರಿಯಲ್ಲಿ, ರಾಜೇಶ್ವರದ ಹತ್ತಿರ, ಬಸ್ ನಿಲ್ಲಿಸಪ್ಪಾ ಎಂದು ಕಂಡಕ್ಟರನಿಗೆ ಯಾವ ಬಾಯಿಂದ ಹೇಳಲಿ? ಅಷ್ಟಾದರೂ ಈ ಮನೆಯಲ್ಲಿ ಒಬ್ಬರೂ ದವಾಖಾನೆಯ ಹೆಸರೆತ್ತಲಿಲ್ಲ.

ಅದೇ ಸ್ನೇಹಲ್ ಹೋದ ಚಳಿಗಾಲದಲ್ಲಿ ಒಂದು ಗುರುವಾರ ಬೆಳಿಗ್ಗೆ ಹೊಟ್ಟೆಯ ಬಲಗಡೆ ಕೈ ಇಟ್ಟುಕೊಂಡು "ಆಯೀ ಗ!" ಎಂದು ಅಡುಗೆಮನೆಯಲ್ಲಿ ಕುಕ್ಕರಿಸಿದಳು. ಕೆಲವು ವಾರಗಳಿಂದ ಸಂಜೆ ಸಂಜೆ ಸಣ್ಣ ಜ್ವರ ಬರುತ್ತಿತ್ತು, ಊಟ ಸೇರುತ್ತಿರಲಿಲ್ಲ, ಕುಪ್ಪಸ ಸಡಿಲಾಗಿತ್ತು. ನಿಜ, ನಾನೂ ನೋಡಿದ್ದೆ. ಆದರೆ ಅವಳು ಕುಕ್ಕರಿಸಿದ್ದೇ ತಡ, ಮೈದುನ ಅಂಗಡಿ ಮುಚ್ಚಿ ಬಂದ, ಕಾರು ಬಾಗಿಲಿಗೆ ಬಂತು, ಅತ್ತೆ ಶಾಲು ಹೊದ್ದು ತಯಾರಾದರು. ಹುಮನಾಬಾದಿನಲ್ಲಿ ಗುರುವಾರಕ್ಕೊಮ್ಮೆ ಕಲಬುರಗಿಯಿಂದ ಕರುಳಿನ ಡಾಕ್ಟರು ಬರುತ್ತಾರಂತೆ, ಸೈಮಾ ಎಂದು ಹೆಸರಂತೆ, ಬಹಳ ಹುಷಾರಂತೆ. ಇಷ್ಟೆಲ್ಲ ಇವರಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ನನಗೆ ಮಜ್ಜಿಗೆ ಕುಡಿಸಿದರೇ? ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಹೋಗಿ ಕಾರಿನ ಮುಂದೆ ನಿಂತುಕೊಂಡೆ.

"ನಂದೂ ಹೊಟ್ಟಿನೇ ಅತ್ತೀ! ಒಂದೂವರಿ ವರ್ಷದಿಂದ ರಕ್ತ ಹೊಂಟದ. ಅಕಿಗಿ ಕಾರು, ನನಗ ಮಜ್ಜಿಗಿನಾ? ಜೋಡಿ ಜೋಡಿ ಅಂತ ಹೇಳಾವರು ಯಾರು?"

ಓಣಿಯ ಮಂದಿ ಬಾಗಿಲಿಗೆ ಬಂದರು. ಅತ್ತೆಗೆ ತಮ್ಮ ಕಾನೂನೇ ಕೊರಳಿಗೆ ಬಿತ್ತು. "ಆಯ್ತವಾ, ಒದರಬ್ಯಾಡ. ನೀನೂ ಹತ್ತ" ಎಂದರು. ಹೀಗೆ ನನ್ನ ಕಾಯಿಲೆಗೂ ಕೊನೆಗೆ ಜೋಡಿಯ ಲೆಕ್ಕದಲ್ಲೇ ದವಾಖಾನೆ ಸಿಕ್ಕಿತು.

ಡಾಕ್ಟರ್ ಸೈಮಾ ಇಬ್ಬರ ಹೊಟ್ಟೆಯನ್ನೂ ಒತ್ತಿ ನೋಡಿ, ಮುಂದಿನ ಗುರುವಾರ ಇಬ್ಬರಿಗೂ ದುರ್ಬೀನು ಹಾಕಿ ಕರುಳು ನೋಡಬೇಕೆಂದರು. ಆ ದಿನ ಮೊದಲು ನನ್ನದಾಯಿತು. ಎದ್ದು ಕುಳಿತಾಗ ಡಾಕ್ಟರು ಪರದೆಯ ಮೇಲಿನ ಚಿತ್ರ ತೋರಿಸಿದರು. ಕೆಂಪಗೆ ಕೆರೆದಂತಾದ ಒಂದು ಸುರಂಗ.

"ನೋಡ್ರಿ ಇಂದುಬಾಯಿ, ಇದು ಮೂಲವ್ಯಾಧಿ ಅಲ್ಲ. ಕೆಳಗಿನ ಬಾಗಲದಿಂದ ಶುರು ಆಗ್ಯದ, ನಡುವ ಎಲ್ಲಿಯೂ ಜಾಗಾ ಬಿಡದಂಗ ಮ್ಯಾಲ ಏರ್ಯದ. ದೊಡ್ಡ ಕರಳಿನ ಒಳಗಿನ ತೊಗಲಷ್ಟೇ ಹುಣ್ಣಾಗ್ಯದ. ಇದಕ್ಕ ಅಲ್ಸರೇಟಿವ್ ಕೊಲೈಟಿಸ್ ಅಂತಾರ. ಚೂರು ತೆಗೆದು ತಪಾಸಕ್ಕ ಕಳಸ್ತೀನಿ, ಆದ್ರ ನನಗ ಅನುಮಾನ ಇಲ್ಲ. ಇವತ್ತೇ ದವಾ ಶುರು ಮಾಡೂಣು." ಬರೆದುಕೊಟ್ಟದ್ದರಲ್ಲಿ ಸಣ್ಣದೊಂದು ಬಿಳಿ ಗುಳಿಗೆ ಇತ್ತು. "ಇದು ಸ್ಟೆರಾಯ್ಡ್. ಉಂಡ ಮ್ಯಾಲ ತಗೋರಿ. ನಾ ಹೇಳಿದಂಗ ಕಡಿಮಿ ಮಾಡ್ಕೋತ ಹೋಗಬೇಕ, ಮನಸ್ಸಿಗಿ ಬಂದಂಗ ಬಿಡಂಗಿಲ್ಲ."

ಐದು ನಿಮಿಷದಲ್ಲಿ ನನ್ನದು ಮುಗಿಯಿತು. ಪರದೆಯ ಈ ಕಡೆ ಮಲಗಿದೆ. ಆ ಕಡೆ ಸ್ನೇಹಲ್‌ದು ಶುರುವಾಯಿತು, ಮುಗಿಯಲೇ ಇಲ್ಲ. ಅವಳಿಗೆ ಅರ್ಧ ಗಂಟೆ! ರೋಗದಲ್ಲಿಯೂ ಅವಳದೇ ದೊಡ್ಡದು. ಕೊನೆಗೆ ಡಾಕ್ಟರು ಮೈದುನನನ್ನು ಒಳಗೆ ಕರೆದರು. ಸ್ನೇಹಲ್ ಇನ್ನೂ ಮದ್ದಿನ ಮಂಪರಿನಲ್ಲಿದ್ದಳು, ಅತ್ತೆ ಮೊಣಕಾಲು ನೋವೆಂದು ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಅವಳಿಗೆ ಏನು ಸಿಗುತ್ತದೆ, ನನಗಿಂತ ಹೆಚ್ಚಿನದೇನು ಸಿಗುತ್ತದೆ ಎಂಬುದು ನನಗೆ ಗೊತ್ತಾಗಲೇಬೇಕಿತ್ತು.

"ಇಕಿದು ಬ್ಯಾರೆ ನಮೂನಿ ಅದ," ಡಾಕ್ಟರು ಹೇಳುತ್ತಿದ್ದರು. "ಸಣ್ಣ ಕರಳು ದೊಡ್ಡ ಕರಳು ಕೂಡೂ ಕಡೆ ಬಿಟ್ಟು ಬಿಟ್ಟು ಗಾಯ ಅವ, ಆಳಕ್ಕ ಹೋಗ್ಯಾವ. ಕ್ರೋನ್ಸ್ ಅಂತ ಒಂದು ಬ್ಯಾನಿ ಅದ, ಅದಿರಬಹುದು. ಕರಳಿನ ಟಿಬಿನೂ ಇರಬಹುದು. ಎರಡೂ ನೋಡಾಕ ಒಂದೇ ಥರಾ ಕಾಣ್ತಾವ, ಕಣ್ಣಿಗಿ ಮೋಸ ಮಾಡ್ತಾವ. ಚೂರು ಹೈದರಾಬಾದಿಗಿ ಕಳಸೀನಿ. ರಿಪೋರ್ಟ್ ಬರೂ ತನಕ ದೊಡ್ಡ ದವಾ ಕೊಡಂಗಿಲ್ಲ."

"ಹೂಂ ಮೇಡಂ, ಹೂಂ" ಎಂದ ಮೈದುನ. ಅವನ ಕೈಯಲ್ಲಿ ಮೊಬೈಲ್ ಗುಂಯ್‌ಗುಡುತ್ತಿತ್ತು. ಮದುವೆ ಸೀಜನ್, ಅಂಗಡಿಯಲ್ಲಿ ಗಿರಾಕಿ.

"ಇನ್ನೊಂದ್ ಮಾತು. ನಿಮ್ಮ ಇಂದುಬಾಯಿ ವೈನಿಗಿ ಕೊಟ್ಟೀನಲ್ಲ ಸ್ಟೆರಾಯ್ಡ್, ಅಂಥಾದ್ದು ಇಕಿಗಿ ಯಾರ್ ಹೇಳಿದ್ರೂ ಕೊಡಬ್ಯಾಡ್ರಿ. ಕ್ರೋನ್ಸ್ ಇದ್ರ ನಾನೇ ಕೊಡ್ತೀನಿ. ಟಿಬಿ ಇದ್ದು ಬರೇ ಅದನ್ನ ಕೊಟ್ರ ಉರಿಯೂ ಬೆಂಕಿಗಿ ಎಣ್ಣಿ ಹೊಯ್ದಂಗ. ಮದಲಿಗಿ ಆರಾಮ ಅನಸ್ತದ, ಜ್ವರಾ ಇಳಿತದ, ಹಸಿವಿ ಆಗ್ತದ. ಒಳಗ ಟಿಬಿ ಹಬ್ಬಕೋತ ಹೋಗ್ತದ, ಕರಳು ತೂತು ಬೀಳಬಹುದು."

"ಹೂಂ ಮೇಡಂ, ಒಂದ್ ಮಿನಿಟ್" ಎಂದು ಮೈದುನ ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ಹೋದ. ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡವಳು ಪರದೆಯ ಈಚೆ ಮಲಗಿದ್ದ ನಾನೊಬ್ಬಳೇ.

ಗುಳಿಗೆ ನನಗೆ ಹತ್ತಿತು. ವಾರ ತುಂಬುವಷ್ಟರಲ್ಲಿ ರಕ್ತ ಕಡಿಮೆಯಾಯಿತು, ರಾತ್ರಿ ನಿದ್ದೆ ಬಂತು, ಜೋಳದ ರೊಟ್ಟಿ ರುಚಿಯೆನಿಸಿತು. ಮುಖ ತುಂಬಿಕೊಂಡಿತು. ಅದು ಗುಳಿಗೆಯ ಬಾವು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಓಣಿಯವರಿಗೆ ಅದೆಲ್ಲ ಏನು ಗೊತ್ತು? "ಏನ್ ಕಳಾ ಬಂದದ ಇಂದುಮತಿ, ಮದಲಗಿತ್ತಿ ಕಂಡಂಗ ಕಾಣ್ತಿ!" ಎಂದರು. ನಾನೂ ಬಾಯಿ ಬಿಡಲಿಲ್ಲ. ಅತ್ತೆ ದಿನಾ ಊಟವಾದ ಮೇಲೆ ಅಂಗಡಿಯ ಹೊಸ ಸ್ಟೀಲ್ ಬಟ್ಟಲಿನಲ್ಲಿ ನನ್ನ ಗುಳಿಗೆಗಳನ್ನು ಇಟ್ಟು, ಕೈಗೆ ನೀರು ಕೊಟ್ಟು, ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಸ್ನೇಹಲ್ ಬಂದ ಮೇಲೆ ಮೊದಲ ಸಲ ಈ ಮನೆಯಲ್ಲಿ ನನಗೊಬ್ಬಳಿಗೇ ಅಂತ ಒಂದು ಬಟ್ಟಲು ಇತ್ತು. ಸ್ನೇಹಲ್ ಮೂಲೆಯಲ್ಲಿ ಕುಳಿತು ಆ ಬಟ್ಟಲನ್ನೇ ನೋಡುತ್ತಿದ್ದಳು. ನೋಡಲಿ ಬಿಡು ಎಂದು ನಾನು ಇನ್ನಷ್ಟು ನಿಧಾನವಾಗಿ ನುಂಗುತ್ತಿದ್ದೆ.

ಆಮೇಲೆ ಒಂದು ವಿಚಿತ್ರವಾಯಿತು. ಸ್ನೇಹಲ್ ಎದ್ದು ಓಡಾಡತೊಡಗಿದಳು. ಸಂಜೆಯ ಜ್ವರ ಬಿಟ್ಟಿತು. ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡಳು. ಅತ್ತೆ ದೇವರಿಗೆ ಕೈಮುಗಿದರು. ಮೈದುನ ನಿಶ್ಚಿಂತೆಯಿಂದ ಮಾಲು ತರಲು ಹೈದರಾಬಾದಿಗೆ ಹೋದ. ನನಗೆ ಮಾತ್ರ ತಡೆಯಲಾಗಲಿಲ್ಲ. ದವಾ ತಿನ್ನುವವಳು ನಾನು, ಆರಾಮ ಆಗುವವಳು ಅವಳೇ? ಪುಕ್ಕಟೆ?

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ತೊಗರಿಬೇಳೆ ಒಣಹಾಕಿ ಬೇಗ ಕೆಳಗಿಳಿದೆ. ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕಾಲು ನಿಂತಿತು. ಅತ್ತೆಯ ಕೈಯಲ್ಲಿ ನನ್ನ ಬಟ್ಟಲಿನಂಥದೇ ಇನ್ನೊಂದು ಬಟ್ಟಲು. ಅದರಲ್ಲಿ ನನ್ನ ಸಣ್ಣ ಬಿಳಿ ಗುಳಿಗೆ. ಸ್ನೇಹಲ್ ಅದನ್ನು ಬಾಯಿಗೆ ಹಾಕಿಕೊಂಡು, ಕಹಿಗೆ ಮುಖ ಕಿವಿಚಿ ನೀರು ಕುಡಿದಳು.

ನನಗೆ ಮೊದಲು ಬಂದದ್ದು ಸಿಟ್ಟು. "ಇದರಾಗೂ ಪಾಲೇನ್ರಿ ಅತ್ತೀ?" ಎಂದು ಕೂಗಿದೆ. "ಸೀರ್ಯಾಗ ಪಾಲು, ಭಾಂಡ್ಯಾಗ ಪಾಲು, ನನ್ನ ಬ್ಯಾನಿ ಗುಳಿಗ್ಯಾಗೂ ಪಾಲು?"

ಅತ್ತೆ ಬೆಚ್ಚಿದರೂ ಸೋಲಲಿಲ್ಲ. "ನಿನ್ನ ಗುಳಿಗಿ ಯಾರ್ ತಿಂದಾರ? ನಿನ್ನ ಚೀಟಿ ತೋರ್ಸಿ ಅಂಗಡ್ಯಾಗ ಎರಡೆರಡು ತರಸೀನಿ. ಅಕಿಗೂ ಹೊಟ್ಟಿ, ನಿನಗೂ ಹೊಟ್ಟಿ. ಒಬ್ಬಾಕಿಗಿ ಕೊಟ್ಟು ಇನ್ನೊಬ್ಬಾಕಿಗಿ ಬರೇ ನೀರು ಕುಡಸ್ಲೇನು? ಅಂಥಾ ಪಾಪ ನಾ ಮಾಡಾಕಿ ಅಲ್ಲ. ನೋಡಲ್ಲ, ಹ್ಯಾಂಗ ಆರಾಮ ಆಗ್ಯಾಳ!"

ಆರಾಮ ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ಪರದೆಯ ಆಚೆಯ ಮಾತು ನೆನಪಾದದ್ದು. ಮದಲಿಗಿ ಆರಾಮ ಅನಸ್ತದ. ಜ್ವರಾ ಇಳಿತದ. ಹಸಿವಿ ಆಗ್ತದ.

"ಅತ್ತೀ, ಬ್ಯಾಡ್ರಿ! ಅದು ಅಕಿಗಿ ಕೊಡಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಟಿಬಿ ಇದ್ರ ಒಳಗ ಹಬ್ಬತದ. ಕರಳು ತೂತು ಬೀಳ್ತದ. ನಾ ನನ್ನ ಕಿವಿಲೆ ಕೇಳೀನಿ!"

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. "ಡಾಕ್ಟರು ನಿನಗ್ಯಾಕ ಹೇಳ್ತಾರ ಅಕಿ ಮಾತು? ಅಕಿ ಗಂಡ ಇದ್ದಾನಲ್ಲ, ಅವ ಏನೂ ಹೇಳಿಲ್ಲ" ಎಂದರು. ಮೈದುನನಿಗೆ ಫೋನ್ ಮಾಡಿದರು. ಅವನು ಅಲ್ಲಿಂದ, "ರಿಪೋರ್ಟ್ ಬರಲಿ ಅಂದ್ರವಾ, ಮತ್ತೇನ್ ಹೇಳಿದಂಗ ನೆನಪಿಲ್ಲ" ಎಂದ. ಮುಗಿಯಿತು.

ಸ್ನೇಹಲ್ ಕತ್ತು ವಾಲಿಸಿ, ತಣ್ಣಗೆ, "ಅಕ್ಕಾ, ನನಗ ಆರಾಮ ಆಗೂದು ನಿಮಗ ಬ್ಯಾಡಾಗ್ಯದೇನು?" ಎಂದಳು.

ಧನರಾಜರು ಊಟಕ್ಕೆ ಬಂದಾಗ ಅವರಿಗೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ನಕ್ಕರು. "ಮತ್ತ ಶುರು ಆಯ್ತೇನ ನಿಂದು? ಮದಲ ಸೀರಿ ಅಂಚು, ಈಗ ಗುಳಿಗಿ. ಅಕಿ ಎರಡ್ ರೊಟ್ಟಿ ಉಣ್ಣೂದು ನೋಡಿ ನಿನ್ನ ಹೊಟ್ಟಿ ಉರಿಯಾಕತ್ಯದ, ಅಷ್ಟೇ."

ನಿಜವಾಗಿಯೂ ಉರಿಯುತ್ತಿತ್ತು. ಅದೇ ಕಷ್ಟ. ನಾನು ಹೇಳಿದ್ದು ಸತ್ಯ, ಆದರೆ ನನ್ನ ಬಾಯಿಂದ ಬಂದ ಕಾರಣಕ್ಕೇ ಅದು ಸುಳ್ಳಾಯಿತು. ದವಾಖಾನೆಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ, "ಮೇಡಂ ನಾಳಿ ಗುರುವಾರ ಬರ್ತಾರ್ರಿ. ಸ್ನೇಹಲ್ ಅವರ ರಿಪೋರ್ಟ್ ಬಂದದ, ಬರ್ರಿ ಅಂತ ಮುಂಜಾನಿನೇ ಹೇಳಿವಿ. ಆರಾಮ ಆಗ್ಯಾರ, ಬರಂಗಿಲ್ಲ ಅಂದ್ರು ನಿಮ್ಮ ಅತ್ತಿಯೋರು" ಎಂದಳು. ಏನು ರಿಪೋರ್ಟ್ ಎಂದರೆ, ಪೇಷಂಟನ್ನು ಕರೆದುಕೊಂಡು ಬನ್ನಿ, ಫೋನಿನಲ್ಲಿ ಹೇಳುವುದಿಲ್ಲ ಎಂದಳು.

ಕೋಣೆಗೆ ಹೋಗಿ ಬಿದ್ದುಕೊಂಡೆ. ಹೇಳುವಷ್ಟು ಹೇಳಿದ್ದಾಗಿತ್ತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ನನ್ನನ್ನು ಬೈಯುವಂತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಹಾಗೆಂದುಕೊಂಡು ಮಗ್ಗುಲಿಗೆ ಹೊರಳಿದರೆ ಎದುರಿಗೆ ಟ್ರಂಕಿನ ಮೇಲೆ ನನ್ನ ಸೀರೆಗಳು ಮಡಿಚಿಟ್ಟಿದ್ದವು. ಒಂದೊಂದಕ್ಕೂ ಜೊತೆಯ ಸೀರೆ ಆಚೆಯ ಕೋಣೆಯಲ್ಲಿ ಇದೆ. ಮುಂದಿನ ದೀಪಾವಳಿಗೆ ಅತ್ತೆ ಒಂದೇ ಸೀರೆ ತರುತ್ತಾರೆ ಅಂದುಕೊಂಡೆ. ಒಂದೇ ಒಂದು, ನನಗೊಬ್ಬಳಿಗೇ. ಎರಡು ವರ್ಷದಿಂದ ನಾನು ಬೇಡಿಕೊಂಡದ್ದೂ ಅದನ್ನೇ. ಆ ಒಂಟಿ ಸೀರೆ ಕಣ್ಣಮುಂದೆ ಬಂದು ನನಗೆ ಅಳು ಬಂತು. ದೇವರೇ, ಹೀಗೆ ಬೇಡ, ಈ ರೀತಿಯಲ್ಲಿ ಬೇಡ ಎಂದು ಬಾಯಿ ಬಿಟ್ಟೇ ಹೇಳಿದೆ.

ಅಳು ಮುಗಿದ ಮೇಲೆ ಬುದ್ಧಿ ಬಂತು. ನನ್ನ ಸತ್ಯವನ್ನು ಈ ಮನೆ ನಂಬುವುದಿಲ್ಲ, ಸರಿ. ನನ್ನ ಹೊಟ್ಟೆಕಿಚ್ಚನ್ನು ನಂಬುತ್ತದಲ್ಲ? ಆ ಗುಣವನ್ನು ಬಲ್ಲವಳು ಈ ಬಸವಕಲ್ಯಾಣದಲ್ಲಿ ನನಗಿಂತ ಯಾರಿದ್ದಾರೆ!

ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಪಡಸಾಲೆಗೆ ಬಂದೆ. ಸ್ನೇಹಲ್‌ಗೆ ಕೇಳುವಂತೆ ಫೋನಿನಲ್ಲಿ ನನ್ನ ತಾಯಿಯೊಂದಿಗೆ ಜೋರಾಗಿ ಮಾತಾಡಿದೆ. "ಹೂಂ ಯವ್ವಾ, ನಾಳಿ ಹುಮನಾಬಾದಿಗಿ ಬರಾಕತ್ತೇನಿ. ಡಾಕ್ಟರು ನನಗ ಹೊಸಾದೊಂದು ಸೂಜಿ ಹಾಕ್ತಾರಂತ. ಭಾರಿ ತುಟ್ಟಿದಂತ. ಅದು ಹಾಕಿದ್ರ ಗುಳಿಗಿ ಕಿಮ್ಮತ್ತೇ ಇಲ್ಲಂತ. ಇಲ್ಲ ಯವ್ವಾ, ಯಾರಿಗೂ ಹೇಳಿಲ್ಲ. ನನಗೊಬ್ಬಾಕಿಗೇ."

ಫೋನಿನ ಆ ಕಡೆ ನನ್ನ ತಾಯಿ, "ಏನ್ ಸೂಜಿಯವಾ? ತಲಿ ಕೆಟ್ಟದೇನ ನಿಂದು?" ಎಂದು ಕೇಳುತ್ತಲೇ ಇದ್ದಳು. ನಾನು ಇಟ್ಟುಬಿಟ್ಟೆ.

ಹೊತ್ತು ಮುಳುಗುವುದರೊಳಗೆ ಕೆಲಸ ಆಯಿತು. ಸ್ನೇಹಲ್ ಅತ್ತೆಯ ಕಾಲು ಒತ್ತುತ್ತ ಏನೋ ಪಿಸುಗುಟ್ಟಿದಳು. ಅತ್ತೆ ನನ್ನನ್ನು ಕರೆದು, "ನಾಳಿ ಹೋಗೂದಾದ್ರ ಇಬ್ರೂ ಹೋಗ್ರಿ. ಸೂಜಿ ಹಾಕಿಸಿದ್ರ ಇಬ್ರಿಗೂ ಹಾಕಸ್ತೀನಿ. ನಾನೂ ಬರ್ತೀನಿ" ಎಂದರು.

"ಅಕಿ ಯಾಕ್ರಿ? ಅಕಿಗಿ ಆರಾಮ ಆಗ್ಯದಲ್ಲ!" ಎಂದು ನಾನು ಮುಖ ಊದಿಸಿಕೊಂಡೆ. ಊದಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ, ಗುಳಿಗೆ ಮೊದಲೇ ಊದಿಸಿತ್ತು.

ಬೆಳಿಗ್ಗೆ ಧನರಾಜರು ಗಾಡಿ ನಡೆಸಿದರು. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ತಿರುಗುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ಸ್ನೇಹಲ್‌ನ ಕೈ ನನ್ನ ಕೈಗೆ ತಾಗಿತು. ಬಿಸಿಯಾಗಿತ್ತು. ರಾಜೇಶ್ವರ ದಾಟಿದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಅತ್ತೆ, "ಗಾಡಿ ಕುಲುಕ್ಯಾಡಾಕತ್ಯದ, ಅದಕ್ಕ" ಎಂದರು. ಧನರಾಜರಿಗೆ, "ಜಲ್ದಿ ನಡಸ್ರಿ" ಎಂದಷ್ಟೇ ಹೇಳಿದೆ. ನನ್ನ ದನಿ ಕೇಳಿ ಅವರು ಕನ್ನಡಿಯಲ್ಲಿ ಒಮ್ಮೆ ನೋಡಿದರು, ಈ ಸಲ ನಗಲಿಲ್ಲ.

ಡಾಕ್ಟರ್ ಸೈಮಾ ರಿಪೋರ್ಟ್ ಮುಂದಿಟ್ಟುಕೊಂಡು ಕುಳಿತಿದ್ದರು. "ಯಾಕ್ರಿ, ಕರದ್ರೂ ಬರಂಗಿಲ್ಲ ಅಂದ್ರಂತ? ಟಿಬಿ ಅದ. ಕ್ರೋನ್ಸ್ ಅಲ್ಲ. ಚೂರಿನ್ಯಾಗ ಟಿಬಿ ರೋಗಾಣು ಸಿಕ್ಕಾವ, ಅನುಮಾನ ಇಲ್ಲ" ಎಂದರು. ಆಮೇಲೆ ಸ್ನೇಹಲ್‌ನ ಮುಖ ನೋಡಿದರು. ತುಂಬಿಕೊಳ್ಳತೊಡಗಿದ ಆ ಕೆನ್ನೆಯನ್ನು, ಆಮೇಲೆ ನನ್ನ ಕೆನ್ನೆಯನ್ನು. "ಇಕಿಗಿ ಏನರ ಕೊಟ್ಟೀರೇನು?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನನ್ನ ಸ್ಟೆರಾಯ್ಡ್ ಕೊಟ್ಟಾರ್ರಿ," ನಾನೇ ಹೇಳಿದೆ. "ಹತ್ ದಿನದ ಮ್ಯಾಲಾತು. ಸೂಜಿ ಗೀಜಿ ಏನಿಲ್ಲ, ನಾ ಸುಳ್ಳ ಹೇಳಿ ಕರ್ಕೊಂಡ್ ಬಂದೀನಿ. ಮದಲ ಅಕಿ ಹೊಟ್ಟಿ ನೋಡ್ರಿ."

ಡಾಕ್ಟರು ಎದ್ದೇಬಿಟ್ಟರು. ಸ್ನೇಹಲ್‌ನನ್ನು ಮಲಗಿಸಿ ಬಲಗಡೆ ಒತ್ತಿದಾಗ ಅವಳು ಚೀರಿದ ದನಿಗೆ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಎಕ್ಸ್‌ರೇ ಆಯಿತು. ಅದು ಬರುವವರೆಗೆ ಅತ್ತೆಯ ಬಾಯಲ್ಲಿ ಶಿವಶಿವಾ ಬಿಟ್ಟು ಬೇರೆ ಮಾತಿಲ್ಲ. ನನ್ನ ಬಾಯಲ್ಲೂ ಅಷ್ಟೇ. ಇವಳು ಉಳಿಯಲಿ, ಬೇಕಾದರೆ ಅಗಲ ಅಂಚಿನ ಸೀರೆ ಇವಳೇ ಉಟ್ಟುಕೊಳ್ಳಲಿ ಎಂದು ಹರಕೆ ಹೊತ್ತೆ.

"ತೂತು ಬಿದ್ದಿಲ್ಲ," ಡಾಕ್ಟರು ಉಸಿರು ಬಿಟ್ಟರು. "ಆದ್ರ ಬಾವು ಜಾಸ್ತಿ ಆಗ್ಯದ. ಕಲಬುರಗಿಗಿ ಕಳಸ್ತೀನಿ, ನಾಕ್ ದಿನ ಅಲ್ಲಿ ನನ್ನ ಕಣ್ಣಮುಂದ ಇರಲಿ. ಸ್ಟೆರಾಯ್ಡ್ ಬಂದ್, ಟಿಬಿ ಗುಳಿಗಿ ಇವತ್ತೇ ಶುರು. ಇನ್ನೊಂದ್ ವಾರ ತಡಾ ಮಾಡಿದ್ರ ನಾ ಏನೂ ಹೇಳಾಕ ಆಗ್ತಿರಲಿಲ್ಲ." ಅತ್ತೆಯ ಕಡೆ ತಿರುಗಿ, ದನಿ ತಗ್ಗಿಸಿ, "ಅಮ್ಮಾ, ಹೊಟ್ಟಿ ಎರಡೂ ಹೊಟ್ಟಿನೇ. ಬ್ಯಾನಿ ಬ್ಯಾರೆ ಬ್ಯಾರೆ. ಒಬ್ಬಾಕಿಗಿ ಜೀವ ಕೊಟ್ಟ ದವಾ ಇನ್ನೊಬ್ಬಾಕಿ ಜೀವಾ ತಗೋತದ" ಎಂದರು. ಅತ್ತೆ ಮಗುವಿನಂತೆ ಅತ್ತರು. ಧನರಾಜರು ನನ್ನ ಕಡೆ ನೋಡಲಾರದೆ ಗೋಡೆಯ ಮೇಲಿನ ಕರುಳಿನ ಚಿತ್ರ ನೋಡುತ್ತ ನಿಂತರು.

ಅಂಬುಲೆನ್ಸ್ ಬರುವವರೆಗೆ ನಾನು ಸ್ನೇಹಲ್‌ನ ಹತ್ತಿರ ಕುಳಿತೆ.

"ಅತ್ತೀದು ತಪ್ಪಿಲ್ಲ ಅಕ್ಕಾ," ಅವಳು ಮೆಲ್ಲಗೆ ಹೇಳಿದಳು. "ನಾನೇ ಬೇಡಿ ತಗೊಂಡ್ನಿ. ನಿಮ್ಮ ಮಾರಿ ದಿನಾ ತುಂಬಕೋತ ಹೊಂಟಿತ್ತು, ನಂದು ಒಣಗಕೋತ ಹೊಂಟಿತ್ತು. ಆ ಬಟ್ಟಲ ನೋಡಾಕ ಆಗ್ತಿರಲಿಲ್ಲ ನನಗ."

"ಹೊಟ್ಟಿಕಿಚ್ಚೇನು?"

"ಹೂಂ."

"ಭಾಳ?"

"ಭಾಳ ಅಕ್ಕಾ."

ಅವಳು ಈ ಮನೆಗೆ ಬಂದ ಮೇಲೆ ನನಗೆ ಮೊದಲ ಸಲ ಹಿಡಿಸಿದ್ದು ಆಗಲೇ. ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿದೆ.

ಅತ್ತೆಯನ್ನು ಜೊತೆಮಾಡಿ ಅವಳನ್ನು ಕಳಿಸಿ ಬಂದ ಮೇಲೆ ಡಾಕ್ಟರ ಎದುರು ಕುಳಿತು ಕೇಳಿದೆ. "ಅಕಿಗಿ ಎಷ್ಟ ದಿನ್ರಿ ಗುಳಿಗಿ?"

"ಆರ್ ತಿಂಗಳು. ಸರಕಾರಿ ದವಾಖಾನ್ಯಾಗ ಪುಕ್ಕಟ ಕೊಡ್ತಾರ. ತಪ್ಪಿಸದಂಗ ತಗೊಂಡ್ರ ಪೂರಾ ಗುಣ ಆಗ್ತದ."

"ನಂದು?"

ಅವರು ಪೆನ್ನು ಕೆಳಗಿಟ್ಟರು. "ನಿಮ್ಮದು ಹಂಗಲ್ಲ ಇಂದುಬಾಯಿ. ಸ್ಟೆರಾಯ್ಡ್ ನಿಲ್ಲಸ್ತೀನಿ, ಆದ್ರ ಇನ್ನೊಂದು ಗುಳಿಗಿ ತಗೋತನೇ ಇರಬೇಕ. ಬ್ಯಾನಿ ಮಲಗಿರ್ತದ, ಹೋಗಂಗಿಲ್ಲ. ಜನ್ಮಪೂರ್ತಿ ಹಿಡಿತದಾಗ ಇಟ್ಕೊಬೇಕ."

ಅವಳಿಗೆ ಆರು ತಿಂಗಳು, ನನಗೆ ಜನ್ಮಪೂರ್ತಿ! ಹರಕೆ ಹೊತ್ತ ಬಾಯಿ ಇನ್ನೂ ಆರಿರಲಿಲ್ಲ. "ಹಂಗಾದ್ರ ನನಗ ಯಾಕ್ರಿ ಟಿಬಿ ಬರಲಿಲ್ಲ?" ಎಂದು ಕೇಳಿಯೇಬಿಟ್ಟೆ. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕರು, ಧನರಾಜರೂ ಕಣ್ಣೊರೆಸಿಕೊಂಡು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಆರು ತಿಂಗಳು ಅತ್ತೆ ದಿನಾ ಎರಡು ಬಟ್ಟಲು ಇಡುತ್ತಿದ್ದರು. ಬಟ್ಟಲು ಜೋಡಿ, ಗುಳಿಗೆ ಬೇರೆ. ಅದಲುಬದಲಾಗಬಾರದೆಂದು ಅವಳ ಬಟ್ಟಲಿಗೆ ಕೆಂಪು ದಾರ ಕಟ್ಟಿದ್ದರು. ಹೋದ ವಾರ ಸ್ನೇಹಲ್‌ನ ಗುಳಿಗೆ ಮುಗಿದವು. ಮೈ ತುಂಬಿಕೊಂಡಿದ್ದಾಳೆ, ಡಾಕ್ಟರು ಪೂರಾ ಗುಣ ಎಂದು ಹೇಳಿದ್ದಾರೆ. ಅತ್ತೆ ದಾರ ಬಿಚ್ಚಿ, ಅವಳ ಬಟ್ಟಲು ತೊಳೆದು ಒಳಗಿಟ್ಟರು. ಗೋಡೆಯ ಗೂಡಿನಲ್ಲಿ ನನ್ನದೊಂದೇ ಉಳಿಯಿತು. ಅಂತೂ ಒಂಟಿ ವಸ್ತು ಒಂದು ನನ್ನ ಪಾಲಿಗೆ ಬಂತು ನೋಡಿ. ಸುಳ್ಳೇಕೆ ಹೇಳಲಿ, ಅದನ್ನು ನೋಡಿ ನನಗೆ ಉರಿಯಿತು, ಅಳುವೂ ಬಂತು.

ಮರುದಿನ ಊಟವಾದ ಮೇಲೆ ಗೂಡಿಗೆ ಕೈ ಹಾಕಿದರೆ ಮತ್ತೆ ಎರಡು ಬಟ್ಟಲು. ಒಂದರಲ್ಲಿ ನನ್ನ ಗುಳಿಗೆ, ಇನ್ನೊಂದರಲ್ಲಿ ಒಂದು ಉಂಡೆ ಬೆಲ್ಲ. ಸ್ನೇಹಲ್ ನೀರಿನ ಚೊಂಬು ಹಿಡಿದು ಬಂದು ಎದುರಿಗೆ ಕುಳಿತಳು.

"ನೀವು ಒಬ್ರೇ ಯಾಕ್ ನುಂಗಬೇಕು ಅಕ್ಕಾ? ನೀವು ಗುಳಿಗಿ ತಗೋರಿ, ನಾ ಜೋಡಿಗಿ ಬೆಲ್ಲ ತಿಂತೀನಿ. ದಿನಾ ಬರ್ತೀನಿ."

"ಆಹಾ! ನನಗ ಗುಳಿಗಿ, ನಿನಗ ಬೆಲ್ಲಾ?" ಎಂದೆ. "ಇದರಾಗೂ ನಿಂದೇ ಸಿಹಿ!"

ಗುಳಿಗೆ ನುಂಗಿದೆ. ಬೆಲ್ಲವನ್ನು ಕಸಿದುಕೊಂಡು ಮುರಿದು ಎರಡು ತುಂಡು ಮಾಡಿದೆ. ಸಣ್ಣದನ್ನು ಅವಳ ಕೈಗೆ ಕೊಟ್ಟು, ದೊಡ್ಡದನ್ನು ನಾನು ತಿಂದೆ.